ಮೂರನೆಯ ಅಭ್ಯರ್ಥಿಗೆ ಮತ: ಯಾವ ರಾಜ್ಯದಲ್ಲಿ, ಯಾವ ಉದ್ದೇಶಕ್ಕೆ?

ಅಮೆರಿಕದ ಅಧ್ಯಕ್ಷೀಯ ಚುನಾವಣೆ ನಾಲ್ಕು ವರ್ಷಗಳಿಗೊಮ್ಮೆ ನವೆಂಬರ್‌ನ ಮೊದಲ ಸೋಮವಾರದ ಮರುದಿನ ನಡೆಯುತ್ತದೆ. ಅಂದರೆ ಅಲ್ಲಿನ ಕನ್ನಡ ಕೂಟಗಳು ರಾಜ್ಯೋತ್ಸವದ ಸಿದ್ಧತೆಯಲ್ಲಿರುವ ಹೊತ್ತಿಗೇ ಬರುತ್ತದೆ. ಅಲ್ಲಿ ಪೌರತ್ವ ಪಡೆದು ಮತದಾನದ ಹಕ್ಕುಳ್ಳವರಾದ ಕನ್ನಡಿಗರು ಆ ದಿನಗಳಲ್ಲಿ ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಪ್ರಶ್ನೆಗಳಲ್ಲಿ ಒಂದು ಹೀಗಿರುತ್ತದೆ: ರಿಪಬ್ಲಿಕನ್ನರೂ ಬೇಡ, ಡೆಮಾಕ್ರಟರೂ ಬೇಡ ಎನ್ನಿಸಿದಾಗ ಮೂರನೆಯವರಿಗೆ ಮತ ಹಾಕಿದರೆ ಅದು ನೀರಿನಲ್ಲಿ ಮಾಡಿದ ಹೋಮವೇ, ಅಥವಾ ಅದಕ್ಕಿಂತ ಕೆಟ್ಟದಾಗಿ, ನಮಗೆ ತೀರಾ ಬೇಡವಾದವರ ಬುಟ್ಟಿಗೇ ಹೋಗಿ ಬೀಳುತ್ತದೆಯೇ? ಈ ಪ್ರಶ್ನೆಗೆ ಇಡೀ ದೇಶಕ್ಕೆ ಸಲ್ಲುವ ಒಂದು ಉತ್ತರವಿಲ್ಲ. ಮಿಷಿಗನ್‌ನ ಡೆಟ್ರಾಯಿಟ್ ಸುತ್ತಮುತ್ತ ವಾಸಿಸುವವರಿಗೆ ಸರಿಹೊಂದುವ ಉತ್ತರ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿರುವವರಿಗೆ ಹೊಂದುವುದಿಲ್ಲ. ಮತದಾರನ ಮುಂದಿರುವ ದಾರಿಗಳನ್ನು ಹೋಲಿಸುವ ಮೊದಲು, ಮೂರನೆಯ ಅಭ್ಯರ್ಥಿಗಳು ಹಿಂದೆ ಫಲಿತಾಂಶವನ್ನು ನಿಜವಾಗಿ ಬದಲಿಸಿದ್ದು ಯಾವಾಗ, ಬದಲಿಸಿದರೆಂಬ ದೂರನ್ನಷ್ಟೇ ಹೊತ್ತದ್ದು ಯಾವಾಗ ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು.

ಅಳತೆಗೋಲು

ಅಧ್ಯಕ್ಷರನ್ನು ಆರಿಸುವುದು ಜನರ ಒಟ್ಟು ಮತಗಳಲ್ಲ, ರಾಜ್ಯಗಳಿಗೆ ಹಂಚಿರುವ 538 ನಿರ್ವಾಚಕ ಮತಗಳು (ಎಲೆಕ್ಟೋರಲ್ ವೋಟ್). ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕ ರಾಜ್ಯಗಳು ತಮ್ಮ ನಿರ್ವಾಚಕ ಮತಗಳ ಒಂದು ಭಾಗವನ್ನು ಕ್ಷೇತ್ರವಾರು ಹಂಚುತ್ತವೆ. ಉಳಿದ 48 ರಾಜ್ಯಗಳಲ್ಲಿ ಒಂದೇ ಒಂದು ಮತ ಹೆಚ್ಚು ಪಡೆದವರಿಗೂ ರಾಜ್ಯದ ಅಷ್ಟೂ ನಿರ್ವಾಚಕ ಮತಗಳು ಸಲ್ಲುತ್ತವೆ. ಹೀಗಾಗಿ ಮೂರನೆಯ ಅಭ್ಯರ್ಥಿ ದೇಶದಾದ್ಯಂತ ಶೇಕಡಾ ಎಷ್ಟು ಮತ ಗಳಿಸಿದರೆಂಬುದಕ್ಕಿಂತ ಆ ಮತಗಳು ಯಾವ ರಾಜ್ಯದಲ್ಲಿ ಬಿದ್ದವು, ಆ ಅಭ್ಯರ್ಥಿ ಕಣದಲ್ಲಿ ಇರದಿದ್ದರೆ ಅವು ಎಲ್ಲಿಗೆ ಹೋಗುತ್ತಿದ್ದವು ಎಂಬ ಎರಡು ಸಂಗತಿಗಳೇ ಮುಖ್ಯ.

ಇವೆರಡನ್ನೂ ಒಟ್ಟಿಗೆ ತೂಗಲು ಒಂದು ಸರಳ ಭಾಗಾಕಾರ ಸಾಕು. ರಾಜ್ಯದಲ್ಲಿನ ಗೆಲುವಿನ ಅಂತರವನ್ನು ಮೂರನೆಯ ಅಭ್ಯರ್ಥಿ ಪಡೆದ ಮತಗಳಿಂದ ಭಾಗಿಸಬೇಕು. ಬರುವ ಅಂಕಿಯನ್ನು ಇಲ್ಲಿ ‘ತಿರುವಿನ ಪ್ರಮಾಣ’ ಎಂದು ಕರೆಯುತ್ತೇನೆ. ಮೂರನೆಯ ಅಭ್ಯರ್ಥಿಯ ನೂರು ಬೆಂಬಲಿಗರಲ್ಲಿ 40 ಮಂದಿ ಸೋತವರ ಕಡೆಗೆ, 30 ಮಂದಿ ಗೆದ್ದವರ ಕಡೆಗೆ ಹೋಗಿ, ಉಳಿದ 30 ಮಂದಿ ಮನೆಯಲ್ಲೇ ಉಳಿಯುತ್ತಿದ್ದರು ಎಂದಿಟ್ಟುಕೊಂಡರೆ ನಿವ್ವಳ ಒಲವು ಶೇ. 10. ಈ ನಿವ್ವಳ ಒಲವು ತಿರುವಿನ ಪ್ರಮಾಣವನ್ನು ಮೀರಿದರೆ ಮಾತ್ರ ಫಲಿತಾಂಶ ತಲೆಕೆಳಗಾಗುತ್ತಿತ್ತು. ಪ್ರಮಾಣ ಚಿಕ್ಕದಾದಷ್ಟೂ ಆರೋಪ ಗಟ್ಟಿ. ನೂರನ್ನು ದಾಟಿದರೆ ಆರೋಪವೇ ಬಿದ್ದುಹೋಗುತ್ತದೆ.

2000ದ ಫ್ಲಾರಿಡಾವನ್ನು ಈ ಅಳತೆಗೋಲಿನಿಂದ ಅಳೆದು ನೋಡೋಣ. ಅಲ್ಲಿ ರಿಪಬ್ಲಿಕನ್ ಜಾರ್ಜ್ ಡಬ್ಲ್ಯು. ಬುಷ್ ಅವರಿಗೆ 29,12,790, ಡೆಮಾಕ್ರಟ್ ಆಲ್ ಗೋರ್ ಅವರಿಗೆ 29,12,253 ಮತಗಳು ಬಂದವೆಂದು ದಾಖಲಾಯಿತು, ಅಂತರ 537. ಗ್ರೀನ್ ಪಕ್ಷದ ರಾಲ್ಫ್ ನೇಡರ್ ಪಡೆದದ್ದು 97,488. ತಿರುವಿನ ಪ್ರಮಾಣ ಶೇ. 0.55. ಅಂದರೆ ನೇಡರ್ ಬೆಂಬಲಿಗರಲ್ಲಿ ಬಹುಪಾಲು ಜನ ಮನೆಯಲ್ಲೇ ಕುಳಿತು, ಉಳಿದವರು ಎರಡೂ ಕಡೆಗೆ ಹಂಚಿಹೋಗಿದ್ದರೂ, ಗೋರ್ ಕಡೆಗೆ ನೂರಕ್ಕೆ ಒಬ್ಬರಷ್ಟು ಹೆಚ್ಚು ವಾಲಿದ್ದರೆ ಅಧ್ಯಕ್ಷರು ಬೇರೆಯವರಾಗುತ್ತಿದ್ದರು. ನೇಡರ್ ಅವರ ನಿಲುವುಗಳು ಡೆಮಾಕ್ರಟರಿಗೆ ಹತ್ತಿರವಾಗಿದ್ದುದರಿಂದ ಇದನ್ನು ಅಲ್ಲಗಳೆಯುವುದು ಕಷ್ಟ. ನ್ಯೂ ಹ್ಯಾಂಪ್‌ಷೈರ್‌ನಲ್ಲೂ ಬುಷ್ ಗೆದ್ದ ಅಂತರ 7,211, ನೇಡರ್ ಮತಗಳು 22,198, ಪ್ರಮಾಣ ಶೇ. 32ರ ಆಸುಪಾಸು. ಬುಷ್ 271 ನಿರ್ವಾಚಕ ಮತಗಳಿಂದ ಗೆದ್ದಿದ್ದರಿಂದ ಈ ಪುಟ್ಟ ರಾಜ್ಯದ ನಾಲ್ಕು ಮತಗಳು ಕೈಬಿಟ್ಟಿದ್ದರೂ ಅವರಿಗೆ ಬಹುಮತ ಸಿಗುತ್ತಿರಲಿಲ್ಲ.

ನೇಡರ್ ಅವರನ್ನು ದೂರುವವರು ಮರೆಯುವ ಇನ್ನೊಂದು ಲೆಕ್ಕವೂ ಅದೇ ಚುನಾವಣೆಯಲ್ಲಿದೆ. ನ್ಯೂ ಮೆಕ್ಸಿಕೊವನ್ನು ಗೋರ್ ಗೆದ್ದದ್ದು 366 ಮತಗಳಿಂದ. ಅಲ್ಲಿ ರಿಫಾರ್ಮ್ ಪಕ್ಷದ, ಬಲಪಂಥದ ಪ್ಯಾಟ್ ಬುಕಾನನ್ ಪಡೆದದ್ದು 1,392. ಎಡಕ್ಕೊಬ್ಬರು, ಬಲಕ್ಕೊಬ್ಬರು ಮೂರನೆಯವರು ನಿಂತಾಗ ಒಬ್ಬರು ಕಿತ್ತುಕೊಂಡದ್ದನ್ನು ಮಾತ್ರ ಎಣಿಸಿ, ಇನ್ನೊಬ್ಬರು ಕೊಟ್ಟದ್ದನ್ನು ಬಿಡುವುದು ಪಕ್ಷದ ಕಾರ್ಯಕರ್ತರಿಗೆ ಸಹಜ. ಮತದಾರರಿಗೆ ಅದು ಸಲ್ಲದು.

2016ಕ್ಕೆ ಬಂದಾಗ ಇದೇ ಭಾಗಾಕಾರ ಬೇರೆಯದೇ ಚಿತ್ರ ಕೊಡುತ್ತದೆ. ಹಿಲರಿ ಕ್ಲಿಂಟನ್ ಸೋತದ್ದು ಗ್ರೀನ್ ಪಕ್ಷದ ಜಿಲ್ ಸ್ಟೈನ್ ಅವರಿಂದ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರರಲ್ಲೂ ಸ್ಟೈನ್ ಮತಗಳು ಟ್ರಂಪ್ ಅವರ ಗೆಲುವಿನ ಅಂತರಕ್ಕಿಂತ ಹೆಚ್ಚಿದ್ದದ್ದೇ ಅದಕ್ಕೆ ಆಧಾರ. ಮಿಷಿಗನ್‌ನಲ್ಲಿ ಅಂತರ 10,704, ಸ್ಟೈನ್ ಮತ 51,463, ಪ್ರಮಾಣ ಶೇ. 21, ಇಲ್ಲಿಗೆ ಆರೋಪ ನಂಬುವಂತಿದೆ. ವಿಸ್ಕಾನ್ಸಿನ್‌ನಲ್ಲಿ 22,748 ಮತ್ತು 31,072, ಪ್ರಮಾಣ ಶೇ. 73. ಪೆನ್ಸಿಲ್ವೇನಿಯಾದಲ್ಲಿ 44,292 ಮತ್ತು 49,941; ಪ್ರಮಾಣ ಶೇ. 89. ಕ್ಲಿಂಟನ್ ಗೆಲ್ಲಲು ಈ ಮೂರೂ ರಾಜ್ಯಗಳು ಬೇಕಿದ್ದವು, ಎರಡು ಸಾಲುತ್ತಿರಲಿಲ್ಲ. ಎರಡೂ ದೊಡ್ಡ ಪಕ್ಷಗಳ ಮೇಲೆ ಮುನಿದು ಬಂದ ಮತದಾರರಲ್ಲಿ ನೂರಕ್ಕೆ 89ರಷ್ಟು ನಿವ್ವಳ ಒಲವು ಒಂದೇ ಪಕ್ಷದ ಕಡೆಗೆ ಇರುತ್ತಿತ್ತೆಂದು ಒಪ್ಪಿಕೊಳ್ಳಲು ನನಗೆ ಸಾಧ್ಯವಾಗುತ್ತಿಲ್ಲ. ಅಲ್ಲದೆ ಸರ್ಕಾರದ ಹಿಡಿತ ಆದಷ್ಟು ಕಡಿಮೆಯಿರಬೇಕೆನ್ನುವ ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್ ಈ ಮೂರೂ ಕಡೆ ಸ್ಟೈನ್‌ಗಿಂತ ಹೆಚ್ಚು ಮತ ಪಡೆದಿದ್ದರು. ಅವರೂ ಇರದಿದ್ದರೆ ಯಾರಿಗೆ ಲಾಭವಾಗುತ್ತಿತ್ತೆಂಬುದು ಬಗೆಹರಿಯದ ಜಗಳ.

2020ರಲ್ಲಿ ಅದೇ ದೂರು ದಿಕ್ಕು ಬದಲಿಸಿತು. ಜಾರ್ಜಿಯಾದಲ್ಲಿ ಬೈಡನ್ ಗೆದ್ದ ಅಂತರ 11,779, ಲಿಬರ್ಟೇರಿಯನ್ ಪಕ್ಷದ ಜೋ ಜಾರ್ಗೆನ್‌ಸನ್ ಪಡೆದದ್ದು 62,229. ಅರಿಜೋನಾದಲ್ಲಿ 10,457ಕ್ಕೆ ಎದುರಾಗಿ 51,465. ಎರಡರ ಪ್ರಮಾಣವೂ ಶೇ. 20ರ ಹತ್ತಿರ. ಆದರೆ ವಿಸ್ಕಾನ್ಸಿನ್‌ನ ಪ್ರಮಾಣ ಶೇ. 54, ಮತ್ತು ಮೂರೂ ತಿರುಗಿದ್ದರೂ ಸಿಗುತ್ತಿದ್ದದ್ದು 269-269ರ ಸಮಬಲ ಮಾತ್ರ. 2024ರ ಮಿಷಿಗನ್‌ಗೆ ಭಾಗಾಕಾರವೇ ಬೇಕಿಲ್ಲ: ಟ್ರಂಪ್ ಅವರ ಅಂತರ ಸುಮಾರು 80,000, ಸ್ಟೈನ್ ಮತಗಳು ಅದಕ್ಕಿಂತ ಬಹಳ ಕಡಿಮೆ. ಅರಬ್ ಅಮೆರಿಕನ್ನರು ಹೆಚ್ಚಾಗಿರುವ ಡಿಯರ್‌ಬಾರ್ನ್ ನಗರದಲ್ಲಿ ಸ್ಟೈನ್ ಪಡೆದ ಪಾಲು ಸುದ್ದಿಯಾದರೂ ರಾಜ್ಯದ ಫಲಿತಾಂಶವನ್ನು ನಿರ್ಧರಿಸಿದ್ದು ಅದಲ್ಲ.

ಹೆಚ್ಚು ಮತ, ಕಡಿಮೆ ಪರಿಣಾಮ

ಅಂಕಿಯ ಗಾತ್ರ ಕಣ್ಣನ್ನು ಹೇಗೆ ಮೋಸಗೊಳಿಸುತ್ತದೆ ಎಂಬುದಕ್ಕೆ 1992ರ ರಾಸ್ ಪೆರೊ ಸಾಕ್ಷಿ. ಟೆಕ್ಸಸ್‌ನ ಈ ಉದ್ಯಮಿ ಜುಲೈಯಲ್ಲಿ ಕಣದಿಂದ ಹಿಂದೆ ಸರಿದು, ಅಕ್ಟೋಬರ್‌ನಲ್ಲಿ ಮರಳಿ ಬಂದು, ಮೂರೂ ಚರ್ಚೆಗಳಲ್ಲಿ ಪಾಲ್ಗೊಂಡು, ಶೇ. 18.9 ಮತ ಗಳಿಸಿದರು, ಸುಮಾರು 1.97 ಕೋಟಿ ಜನರ ಮತ. ನಿರ್ವಾಚಕ ಮತ ಮಾತ್ರ ಒಂದೂ ಬರಲಿಲ್ಲ, ಏಕೆಂದರೆ ಅವರ ಬೆಂಬಲ ದೇಶದ ಉದ್ದಗಲಕ್ಕೂ ತೆಳುವಾಗಿ ಹರಡಿಕೊಂಡಿತ್ತು. ಆಗ ಅಧ್ಯಕ್ಷರಾಗಿದ್ದ ತಂದೆ ಬುಷ್ ಅವರ ಸೋಲಿಗೆ ಪೆರೊ ಕಾರಣರೆಂದು ರಿಪಬ್ಲಿಕನ್ ಬೆಂಬಲಿಗರು ಇಂದಿಗೂ ಹೇಳುವುದುಂಟು. ಮತಗಟ್ಟೆ ಸಮೀಕ್ಷೆಯಲ್ಲಿ ಮಾತ್ರ ಪೆರೊ ಮತದಾರರು ತಮ್ಮ ಎರಡನೆಯ ಆಯ್ಕೆಯಾಗಿ ಗೆದ್ದ ಬಿಲ್ ಕ್ಲಿಂಟನ್ ಮತ್ತು ಬುಷ್ ಇಬ್ಬರನ್ನೂ ಸರಿಸುಮಾರು ಸಮಪ್ರಮಾಣದಲ್ಲಿ, ತಲಾ ಶೇ. 38ರಷ್ಟು, ಹೆಸರಿಸಿದ್ದರು. ನಿವ್ವಳ ಒಲವು ಸೊನ್ನೆಯಾದರೆ ಎರಡು ಕೋಟಿ ಮತಗಳೂ ಗೆದ್ದವರನ್ನು ಬದಲಿಸಲಾರವು.

ಪೆರೊಗೆ ತದ್ವಿರುದ್ಧವಾದದ್ದು 1912. ಮಾಜಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ತಮ್ಮದೇ ರಿಪಬ್ಲಿಕನ್ ಪಕ್ಷದಿಂದ ಸಿಡಿದು ಪ್ರೊಗ್ರೆಸಿವ್ ಪಕ್ಷದಿಂದ ನಿಂತು ಶೇ. 27.4 ಮತ, 88 ನಿರ್ವಾಚಕ ಮತ ಪಡೆದರು. ಅಧಿಕಾರದಲ್ಲಿದ್ದ ರಿಪಬ್ಲಿಕನ್ ಅಧ್ಯಕ್ಷ ಟ್ಯಾಫ್ಟ್ ಶೇ. 23.2 ಮತದೊಂದಿಗೆ ಮೂರನೆಯ ಸ್ಥಾನಕ್ಕೆ ಕುಸಿದು ಎರಡೇ ರಾಜ್ಯ ಗೆದ್ದರು, ಶೇ. 41.8 ಪಡೆದ ಡೆಮಾಕ್ರಟ್ ವುಡ್ರೊ ವಿಲ್ಸನ್ 435 ನಿರ್ವಾಚಕ ಮತಗಳೊಂದಿಗೆ ಅಧ್ಯಕ್ಷರಾದರು. ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಹೊಲ ನೆರೆಯವನ ಕೈಸೇರಿದ ಹಾಗಾಯಿತು.

ಮತಗಳು ಒಂದೆಡೆ ಗುಂಪಾಗಿ ಬೀಳುವುದಕ್ಕೂ ಹರಡಿ ಬೀಳುವುದಕ್ಕೂ ಇರುವ ವ್ಯತ್ಯಾಸವನ್ನು 1948ರಷ್ಟು ಚೊಕ್ಕವಾಗಿ ತೋರಿಸುವ ಚುನಾವಣೆ ಬೇರೊಂದಿಲ್ಲ. ಅಂದು ಡೆಮಾಕ್ರಟಿಕ್ ಪಕ್ಷದಿಂದ ಇಬ್ಬರು ಸಿಡಿದಿದ್ದರು. ವರ್ಣಭೇದ ಉಳಿಯಬೇಕೆಂದ ಸ್ಟ್ರಾಮ್ ಥರ್ಮಂಡ್ ಶೇ. 2.4 ಮತ ಪಡೆದರು. ಎಡದಿಂದ ಬಂದ ಮಾಜಿ ಉಪಾಧ್ಯಕ್ಷ ಹೆನ್ರಿ ವಾಲೆಸ್ ಅವರೂ ಶೇ. 2.4 ಪಡೆದರು. ದಕ್ಷಿಣದ ನಾಲ್ಕು ರಾಜ್ಯಗಳಲ್ಲಿ ಬೇರೂರಿದ್ದ ಥರ್ಮಂಡ್‌ಗೆ 39 ನಿರ್ವಾಚಕ ಮತ ಬಂದರೆ ವಾಲೆಸ್‌ಗೆ ಒಂದೂ ಇಲ್ಲ. ಹಾಗೆಂದು ವಾಲೆಸ್ ಮತಗಳಿಗೆ ಪರಿಣಾಮವೇ ಇರಲಿಲ್ಲವೆಂದಲ್ಲ: ನ್ಯೂಯಾರ್ಕ್‌ನಲ್ಲಿ ಅವರು ಐದು ಲಕ್ಷಕ್ಕೂ ಮೀರಿ ಮತ ಪಡೆದದ್ದರಿಂದಲೇ, ಸುಮಾರು 61,000 ಮತಗಳ ಅಂತರದಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಟ್ರೂಮನ್ ಆ ರಾಜ್ಯದ 47 ನಿರ್ವಾಚಕ ಮತಗಳನ್ನು ಕಳೆದುಕೊಂಡರು. ಆದರೂ ಚುನಾವಣೆ ಗೆದ್ದರು.

1968ರಲ್ಲಿ ಅಲಬಾಮಾದ ಜಾರ್ಜ್ ವಾಲೆಸ್ ಐದು ರಾಜ್ಯ ಗೆದ್ದು 46 ನಿರ್ವಾಚಕ ಮತ ಪಡೆದದ್ದೂ ಇದೇ ದಾರಿಯಲ್ಲಿ. ಯಾರಿಗೂ ಬಹುಮತ ಸಿಗದಂತೆ ಮಾಡಿ ಚೌಕಾಸಿಗೆ ಕೂರುವುದು ಅವರ ಲೆಕ್ಕವಾಗಿತ್ತು. ನಿಕ್ಸನ್ 301 ಪಡೆದು ಅದಕ್ಕೆ ಅವಕಾಶ ಕೊಡಲಿಲ್ಲ. ಬಹುಮತ ಬಾರದಿದ್ದರೆ ಆಯ್ಕೆ ಪ್ರತಿನಿಧಿ ಸಭೆಗೆ ಹೋಗುತ್ತದೆ, ಅಲ್ಲಿ ಒಂದು ರಾಜ್ಯಕ್ಕೆ ಒಂದೇ ಮತ. 52 ಸದಸ್ಯರ ಕ್ಯಾಲಿಫೋರ್ನಿಯಾಕ್ಕೂ ಒಬ್ಬರೇ ಸದಸ್ಯರಿರುವ ವಯೋಮಿಂಗ್‌ಗೂ ಅಲ್ಲಿ ಸಮಾನ ತೂಕ. ಕೊನೆಯ ಬಾರಿ ಹಾಗಾದದ್ದು 1824ರ ಚುನಾವಣೆಯಲ್ಲಿ. ಹೆಚ್ಚು ಮತ ಪಡೆದಿದ್ದ ಆಂಡ್ರ್ಯೂ ಜಾಕ್ಸನ್ ಅವರನ್ನು ಬಿಟ್ಟು ಜಾನ್ ಕ್ವಿನ್ಸಿ ಆಡಮ್ಸ್ ಅವರನ್ನು ಸಭೆ ಆರಿಸಿತು. ಮೂರನೆಯ ಅಭ್ಯರ್ಥಿಯ ಬಲದಿಂದ ಅತಂತ್ರ ಸ್ಥಿತಿ ತಂದು ಎರಡೂ ಪಕ್ಷಗಳನ್ನು ಮಣಿಸಬಹುದೆಂದು ಕನಸು ಕಾಣುವವರು, ಕೊನೆಗೆ ಕೀಲಿಕೈ ಆ ಪಕ್ಷಗಳ ಸದಸ್ಯರ ಕೈಯಲ್ಲೇ ಇರುತ್ತದೆಂಬುದನ್ನು ಮರೆಯಬಾರದು.

ಉದ್ದೇಶಕ್ಕೆ ಸಂಪೂರ್ಣ ವಿರುದ್ಧವಾದ ಫಲ ಬಂದ ಪ್ರಸಂಗ ಇನ್ನೂ ಹಳೆಯದು. 1844ರಲ್ಲಿ ಗುಲಾಮಗಿರಿಯ ವಿರೋಧಿಗಳ ಲಿಬರ್ಟಿ ಪಕ್ಷದ ಜೇಮ್ಸ್ ಬರ್ನಿ ನ್ಯೂಯಾರ್ಕ್‌ನಲ್ಲಿ 15,812 ಮತ ಪಡೆದರು. ಅಲ್ಲಿ ಜೇಮ್ಸ್ ಪೋಕ್ ಅವರು ಹೆನ್ರಿ ಕ್ಲೇ ಅವರನ್ನು ಸೋಲಿಸಿದ್ದು 5,106 ಮತಗಳಿಂದ. ಆ ಒಂದು ರಾಜ್ಯದ 36 ನಿರ್ವಾಚಕ ಮತಗಳೇ ಅಧ್ಯಕ್ಷರನ್ನು ತೀರ್ಮಾನಿಸಿದವು. ಕ್ಲೇ ಅವರೂ ಗುಲಾಮರ ಒಡೆಯರೇ, ಆದರೆ ಗುಲಾಮಗಿರಿ ಇದ್ದ ಟೆಕ್ಸಸ್ ಅನ್ನು ದೇಶಕ್ಕೆ ಸೇರಿಸಿಕೊಳ್ಳಲು ಆತುರಪಟ್ಟವರು ಪೋಕ್.

ಗೆಲ್ಲಿಸಲೋ, ಒತ್ತಡ ಹಾಕಲೋ, ಪಕ್ಷ ಕಟ್ಟಲೋ?

ಇಷ್ಟೆಲ್ಲ ಗೆಲುವು-ಸೋಲಿನ ಲೆಕ್ಕವಾಯಿತು. ಮೂರನೆಯವರಿಗೆ ಮತ ಹಾಕುವವರಲ್ಲಿ ಹಲವರಿಗೆ ತಮ್ಮ ಅಭ್ಯರ್ಥಿ ಗೆಲ್ಲುವುದಿಲ್ಲವೆಂಬುದು ಗೊತ್ತೇ ಇರುತ್ತದೆ. ಅವರ ಗುರಿ ಬೇರೆ. ದೊಡ್ಡ ಪಕ್ಷಗಳ ನೀತಿಯನ್ನು ತಮ್ಮತ್ತ ಎಳೆಯುವುದು ಗುರಿಯಾಗಿದ್ದರೆ ಇತಿಹಾಸ ಅವರ ಪರವಾಗಿಯೇ ಮಾತಾಡುತ್ತದೆ. 1892ರಲ್ಲಿ ರೈತರ ಪಾಪ್ಯುಲಿಸ್ಟ್ ಪಕ್ಷದಿಂದ ಜೇಮ್ಸ್ ವೀವರ್ ಶೇ. 8.5 ಮತ, 22 ನಿರ್ವಾಚಕ ಮತ ಪಡೆದರು. ಪಕ್ಷ ಬಹುಕಾಲ ಬಾಳಲಿಲ್ಲ, ಆದರೆ ಅದು ಕೇಳಿದ್ದ ಆದಾಯ ತೆರಿಗೆ ಮತ್ತು ಸೆನೆಟರುಗಳ ನೇರ ಚುನಾವಣೆ ಎರಡೂ 1913ರಲ್ಲಿ ಸಂವಿಧಾನದ ತಿದ್ದುಪಡಿಗಳಾದವು. ಕೋಷ್ಟಕಗಳನ್ನು ಹಿಡಿದು ಟೀವಿಯಲ್ಲಿ ಗಂಟೆಗಟ್ಟಲೆ ಪಾಠ ಹೇಳಿದ ಪೆರೊ ಬಜೆಟ್ ಕೊರತೆಯನ್ನು ಎರಡೂ ಪಕ್ಷಗಳು ಕಡೆಗಣಿಸಲಾಗದ ವಿಷಯವಾಗಿಸಿದರು. ದೊಡ್ಡ ಪಕ್ಷಗಳಿಗೆ ಸಣ್ಣ ಪಕ್ಷದ ಮತದಾರರು ಬೇಕಾದಾಗ ಅವು ಮೊದಲು ಕದಿಯುವುದು ಅದರ ಪ್ರಣಾಳಿಕೆಯನ್ನೇ.

ಪಕ್ಷ ಕಟ್ಟುವ ಗುರಿಗೆ ಇಷ್ಟು ಭರವಸೆ ಕೊಡಲಾಗದು. ದೇಶದ ಒಟ್ಟು ಮತಗಳಲ್ಲಿ ಶೇ. 5 ಪಡೆದ ಪಕ್ಷಕ್ಕೆ ಮುಂದಿನ ಚುನಾವಣೆಗೆ ಸರ್ಕಾರದ ಹಣ ಸಿಗುತ್ತದೆ. 1996ರಲ್ಲಿ ರಿಫಾರ್ಮ್ ಪಕ್ಷದಿಂದ ಪೆರೊ ಪಡೆದ ಶೇ. 8.4ರಿಂದಾಗಿಯೇ 2000ದಲ್ಲಿ ಬುಕಾನನ್‌ಗೆ 1.26 ಕೋಟಿ ಡಾಲರ್ ಬಂತು. ಆ ಹಣದಿಂದ ಅವರು ಗಳಿಸಿದ್ದು ಶೇ. 1ಕ್ಕಿಂತ ಕಡಿಮೆ ಮತ. ನೇಡರ್ ಶೇ. 5ರ ಗುರಿ ಇಟ್ಟುಕೊಂಡು ಶೇ. 2.7ರಲ್ಲಿ ನಿಂತರು, ಜಾನ್ಸನ್ 2016ರಲ್ಲಿ ಶೇ. 3.3ರಲ್ಲಿ. ಪೆರೊ ನಂತರ ಈ ಗೆರೆಯನ್ನು ಯಾವ ಮೂರನೆಯ ಅಭ್ಯರ್ಥಿಯೂ ದಾಟಿಲ್ಲ.

ಮತಪತ್ರದ ಮುಂದೆ

ಈಗ ದಾರಿಗಳ ಹೋಲಿಕೆ. 2024ರಲ್ಲಿ ಪೈಪೋಟಿಯ ರಾಜ್ಯಗಳೆಂದು ಎಲ್ಲರೂ ಒಪ್ಪಿದ್ದವು ಏಳು: ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ, ಜಾರ್ಜಿಯಾ, ನಾರ್ತ್ ಕ್ಯಾರೊಲೈನಾ, ಅರಿಜೋನಾ, ನೆವಾಡ. ಇಂಥ ರಾಜ್ಯದಲ್ಲಿದ್ದು, ಇಬ್ಬರಲ್ಲಿ ಒಬ್ಬರು ಇನ್ನೊಬ್ಬರಿಗಿಂತ ಸ್ವಲ್ಪವಾದರೂ ವಾಸಿ ಎನ್ನಿಸುತ್ತಿದ್ದರೆ, ಆ ಒಬ್ಬರಿಗೇ ಮತ ಹಾಕುವುದು ಲೆಕ್ಕಕ್ಕೆ ಒಪ್ಪುವ ದಾರಿ. ಇಬ್ಬರ ನಡುವೆ ಯಾವ ವ್ಯತ್ಯಾಸವೂ ಕಾಣದವರಿಗೆ ಈ ಮಾತು ಅನ್ವಯಿಸುವುದಿಲ್ಲ; ಅವರ ಮತವನ್ನು ಯಾರೂ ಯಾರಿಂದಲೂ ಕಿತ್ತುಕೊಂಡಿರುವುದಿಲ್ಲ.

ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ, ಅಂದರೆ 2024ರಲ್ಲಿ ಸುಮಾರು ಶೇ. 20ರ ಅಂತರವಿದ್ದಲ್ಲಿ, ಮೂರನೆಯವರಿಗೆ ಹಾಕುವ ಮತಕ್ಕೆ ಬೆಲೆ ತೆರಬೇಕಾದ್ದು ಏನೂ ಇಲ್ಲ; ಒತ್ತಡ ಹಾಕುವ ಗುರಿಗೆ ಅದು ಎರಡು ದೊಡ್ಡ ಪಕ್ಷಗಳ ಮತಕ್ಕಿಂತ ಹೆಚ್ಚು ಉಪಯುಕ್ತ. ಆದರೆ ‘ಸುರಕ್ಷಿತ’ ಎಂಬ ಹಣೆಪಟ್ಟಿಯನ್ನು ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳಬೇಕು: ಕನ್ನಡಿಗರು ಗಣನೀಯವಾಗಿ ನೆಲೆಸಿರುವ ನ್ಯೂಜೆರ್ಸಿಯಲ್ಲಿ ಡೆಮಾಕ್ರಟರ ಅಂತರ 2020ರಲ್ಲಿ ಸುಮಾರು ಶೇ. 16 ಇದ್ದದ್ದು 2024ರಲ್ಲಿ ಶೇ. 6ರ ಹತ್ತಿರಕ್ಕೆ ಇಳಿಯಿತು, ಟೆಕ್ಸಸ್‌ನಲ್ಲಿ ರಿಪಬ್ಲಿಕನ್ನರ ಅಂತರ ಶೇ. 6ಕ್ಕಿಂತ ಕೆಳಗಿದ್ದದ್ದು ಶೇ. 14ರ ಹತ್ತಿರಕ್ಕೆ ಏರಿತು.

ಈ ಎರಡು ಬಗೆಯ ರಾಜ್ಯಗಳ ಮತದಾರರು ಪರಸ್ಪರ ಮತ ವಿನಿಮಯ ಮಾಡಿಕೊಳ್ಳುವ ಪದ್ಧತಿ 2000ದಲ್ಲಿ ಅಂತರಜಾಲದ ಮೂಲಕ ಶುರುವಾಯಿತು: ಪೈಪೋಟಿಯ ರಾಜ್ಯದ ನೇಡರ್ ಬೆಂಬಲಿಗ ಗೋರ್‌ಗೆ, ಸುರಕ್ಷಿತ ರಾಜ್ಯದ ಗೋರ್ ಬೆಂಬಲಿಗ ನೇಡರ್‌ಗೆ ಹಾಕುವುದು. ಅದನ್ನು ನಿಲ್ಲಿಸಲು ಹೊರಟ ಕ್ಯಾಲಿಫೋರ್ನಿಯಾದ ಅಧಿಕಾರಿಗಳ ಕ್ರಮ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ 2007ರಲ್ಲಿ ಹೇಳಿತು. ಹಣದ ವ್ಯವಹಾರ ಸೇರಿದರೆ ಅದು ಅಪರಾಧ. ಸೇರದಿದ್ದರೆ ಬರೀ ನಂಬಿಕೆ. ಗುಪ್ತ ಮತದಾನದಲ್ಲಿ ಎದುರಿನವರು ಮಾತು ಉಳಿಸಿಕೊಂಡರೋ ಇಲ್ಲವೋ ತಿಳಿಯುವ ಬಗೆಯಿಲ್ಲ.

ನ್ಯೂಯಾರ್ಕ್ ನಿವಾಸಿಗಳಿಗೆ ಬೇರೆ ಕಡೆ ಅಪರೂಪವಾದ ಒಂದು ದಾರಿಯಿದೆ. ಅಲ್ಲಿ ಸಣ್ಣ ಪಕ್ಷವೊಂದು ದೊಡ್ಡ ಪಕ್ಷದ ಅಭ್ಯರ್ಥಿಯನ್ನೇ ತನ್ನ ಅಭ್ಯರ್ಥಿಯೆಂದು ಮತಪತ್ರದ ತನ್ನ ಸಾಲಿನಲ್ಲಿ ನಿಲ್ಲಿಸಬಹುದು. ಎರಡೂ ಸಾಲುಗಳ ಮತಗಳು ಒಟ್ಟುಗೂಡುತ್ತವೆ. 1960ರಲ್ಲಿ ಡೆಮಾಕ್ರಟಿಕ್ ಸಾಲಿನಲ್ಲಿ ಕೆನಡಿಗೆ ಬಂದದ್ದು 34,23,909 ಮತ, ನಿಕ್ಸನ್‌ಗೆ ಬಂದದ್ದು 34,46,419. ಲಿಬರಲ್ ಪಕ್ಷದ ಸಾಲಿನಲ್ಲಿ ಬಂದ 4,06,176 ಮತ ಸೇರಿಯೇ ಕೆನಡಿ ಆ ರಾಜ್ಯ ಗೆದ್ದದ್ದು. ಮತ ಒಡೆಯದೆ ಸಂದೇಶ ಕಳಿಸಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಅಮೆರಿಕದ ಹಳೆಯ ಪದ್ಧತಿಗಳಲ್ಲಿ ನನಗೆ ಕಾಣುವುದಿಲ್ಲ. ಆದರೆ ಆ ರಾಜ್ಯ 2020ರಲ್ಲಿ ಪಕ್ಷಗಳ ಮಾನ್ಯತೆಯ ಮಿತಿಯನ್ನು 1,30,000 ಮತ ಅಥವಾ ಶೇ. 2, ಯಾವುದು ಹೆಚ್ಚೋ ಅಷ್ಟಕ್ಕೆ ಏರಿಸಿತು. ಗ್ರೀನ್ ಮತ್ತು ಲಿಬರ್ಟೇರಿಯನ್ ಪಕ್ಷಗಳು ಮಾನ್ಯತೆ ಕಳೆದುಕೊಂಡವು.

ಮೇನ್ ಮತ್ತು ಅಲಾಸ್ಕದವರಿಗೆ ಈ ಚಿಂತೆಯೇ ಬೇಡ. ಅಧ್ಯಕ್ಷೀಯ ಚುನಾವಣೆಯಲ್ಲಿ ಮೇನ್ 2020ರಿಂದ, ಅಲಾಸ್ಕ 2024ರಿಂದ ಪ್ರಾಶಸ್ತ್ಯ ಮತದಾನವನ್ನು ಬಳಸುತ್ತಿವೆ: ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ಅಂಕಿ ಕೊಟ್ಟರೆ, ಸೋತವರ ಮತ ಮುಂದಿನ ಪ್ರಾಶಸ್ತ್ಯಕ್ಕೆ ವರ್ಗವಾಗುತ್ತದೆ. ಭಾರತದ ರಾಷ್ಟ್ರಪತಿಯನ್ನು ಶಾಸಕರು, ಸಂಸದರು ಆರಿಸುವುದು ಇದೇ ತತ್ತ್ವದಿಂದ, ಮತ್ತು ಅಲ್ಲಿ ಮೂರನೆಯ ಅಭ್ಯರ್ಥಿಯ ಮತ ಎಣಿಕೆಗೆ ಬಂದ ಕಥೆಗೆ ಬೆಂಗಳೂರೇ ರಂಗಸ್ಥಳ. 1969ರ ಜುಲೈಯಲ್ಲಿ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಪಕ್ಷದ ನಾಯಕರು ಇಂದಿರಾ ಗಾಂಧಿಯವರ ಮನಸ್ಸಿಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯಾಗಿಸಿದರು. ಹಿಂದೆ ಮೈಸೂರಿನ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಸ್ವತಂತ್ರರಾಗಿ ನಿಂತರು. ಜನಸಂಘ ಮತ್ತು ಸ್ವತಂತ್ರ ಪಕ್ಷಗಳು ಸಿ.ಡಿ. ದೇಶಮುಖ್ ಅವರನ್ನು ಬೆಂಬಲಿಸಿದವು. ಅಂದಿನ ಕಾಂಗ್ರೆಸ್ ಅಧ್ಯಕ್ಷ ಎಸ್. ನಿಜಲಿಂಗಪ್ಪನವರು ರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯ ಕೊಡಿಸಲು ಆ ಪಕ್ಷಗಳೊಂದಿಗೆ ಮಾತಾಡಿದ್ದೇ ಇಂದಿರಾ ಬಣಕ್ಕೆ ಅಸ್ತ್ರವಾಯಿತು. ಮೊದಲ ಎಣಿಕೆಯಲ್ಲಿ ಗಿರಿಯವರ ಮತಮೌಲ್ಯ 4,01,515, ರೆಡ್ಡಿಯವರದು 3,13,548, ದೇಶಮುಖರದು 1,12,769, ಬೇಕಿದ್ದದ್ದು 4,18,169. ಉಳಿದವರ ಮತಗಳು ವರ್ಗವಾದ ಮೇಲೆ ರೆಡ್ಡಿ 4,05,427ಕ್ಕೆ ಏರಿದರು, ಗಿರಿ 4,20,077ಕ್ಕೆ. ವರ್ಗವಾದ ಮತಗಳಲ್ಲಿ ಬಹುಪಾಲು ರೆಡ್ಡಿಯವರಿಗೇ ಹೋದರೂ ಅಂತರ ತುಂಬಲಿಲ್ಲ. ‘ಮತ ಒಡೆಯಿತು’ ಎಂದು ಯಾರೂ ದೂರಬೇಕಾಗಲಿಲ್ಲ, ಏಕೆಂದರೆ ಎರಡನೆಯ ಮನಸ್ಸೇನೆಂಬುದು ಮತಪತ್ರದಲ್ಲೇ ಬರೆದಿತ್ತು.

ಉಳಿದದ್ದು ಕೈಬರಹದಲ್ಲಿ ಹೆಸರು ಬರೆಯುವುದು ಮತ್ತು ಅಧ್ಯಕ್ಷರ ಸಾಲನ್ನು ಖಾಲಿ ಬಿಡುವುದು. ನನ್ನ ತೂಕದಲ್ಲಿ ಇವು ಅತ್ಯಂತ ದುರ್ಬಲ ದಾರಿಗಳು. ಅನೇಕ ರಾಜ್ಯಗಳಲ್ಲಿ ಮೊದಲೇ ನೋಂದಾಯಿಸಿಕೊಂಡವರ ಹೆಸರನ್ನಷ್ಟೇ ಎಣಿಸುತ್ತಾರೆ. ಹವಾಯಿಯಂಥ ಕೆಲವೆಡೆ ಹೆಸರು ಬರೆಯಲು ಜಾಗವೇ ಇಲ್ಲ, ಆ ನಿಷೇಧವನ್ನು ಸುಪ್ರೀಂ ಕೋರ್ಟ್ 1992ರಲ್ಲಿ ಎತ್ತಿಹಿಡಿದಿದೆ. ಅಧ್ಯಕ್ಷರ ಸಾಲನ್ನು ಖಾಲಿ ಬಿಟ್ಟರೂ ಸೆನೆಟ್‌ನಿಂದ ಶಾಲಾ ಮಂಡಳಿಯವರೆಗಿನ ಉಳಿದ ಮತಗಳು ಸಿಂಧುವಾಗಿಯೇ ಇರುತ್ತವೆ, ಆದರೆ ಖಾಲಿ ಬಿಟ್ಟ ಕಾರಣವನ್ನು ಯಾರೂ ಓದಲಾರರು. ನೆವಾಡದಲ್ಲಿ ಮಾತ್ರ ಮತಪತ್ರದಲ್ಲೇ ‘ಇವರಲ್ಲಿ ಯಾರೂ ಅಲ್ಲ’ ಎಂಬ ಸಾಲಿದೆ. ಭಾರತದಲ್ಲಿ 2013ರಲ್ಲಿ ಬಂದ ನೋಟಾಕ್ಕಿಂತ ದಶಕಗಳಷ್ಟು ಹಳೆಯದು. 2016ರಲ್ಲಿ ಅದಕ್ಕೆ 28,863 ಮತ ಬಿದ್ದವು. ಆ ರಾಜ್ಯದಲ್ಲಿ ಕ್ಲಿಂಟನ್ ಗೆದ್ದ ಅಂತರ 27,202.